ಕ್ಷೌರದ ಕತ್ತಿಗೆ ಹಳೆಯ ನೈಸರ್ಗಿಕ ಸಾಣೆಕಲ್ಲು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಕತ್ತಿ ಎಂದರೆ ಹಿಡಿಯೊಳಗೆ ಮಡಚಿಕೊಳ್ಳುವ, ಉದ್ದ ಅಲಗಿನ ಕ್ಷೌರದ ಕತ್ತಿ. ಬೆನ್ನು ಅಲಗಿನ ದಪ್ಪ ಭಾಗ, ಬಾಯಿ ಕೂದಲು ಕತ್ತರಿಸುವ ಅಂಚು. ಬಾಯಿಯ ಎರಡೂ ಪಕ್ಕ ಕಲ್ಲಿಗೆ ತಾಗಿ ಹೊಳೆಯುವ ಸಣ್ಣ ಪಟ್ಟಿಯನ್ನು ಓರೆ ಎಂದು ಕರೆದಿದ್ದೇವೆ. ಹಿಡಿಯ ಕಡೆಯದು ಬುಡ, ಆಚೆಯದು ತುದಿ. ಕಲ್ಲಿನ ಮೇಲೆ ನೀರು ಹಾಕಿ ತೇಯ್ದಾಗ ಏಳುವ ಹಾಲಿನಂಥ ನೀರಿಗೆ ರಾಡಿ ಎಂದಿದ್ದೇವೆ.

ಹೊಸ ಕೃತಕ ಕಲ್ಲುಗಳಿರುವಾಗ ಹಳೆಯ ನೈಸರ್ಗಿಕ ಕಲ್ಲು ಏಕೆ ಬೇಕು?

ಬೇಕೇ ಬೇಕು ಎಂದೇನಿಲ್ಲ. ಕೃತಕ ಕಲ್ಲುಗಳಿಂದಲೂ ಒಳ್ಳೆಯ ಕ್ಷೌರದ ಬಾಯಿ ಬರುತ್ತದೆ, ಅದೂ ಬೇಗ. ನೈಸರ್ಗಿಕ ಕಲ್ಲು ಕೊಡುವುದು ಕೊನೆಯ ಹದವನ್ನು. ಒಳ್ಳೆಯ ಕೋಟಿಕ್ಯೂಲ್ (ಬೆಲ್ಜಿಯಂನ ಕೆನೆಹಳದಿ ಕಲ್ಲು) ಅಥವಾ ಥುರಿಂಜಿಯನ್ (ಜರ್ಮನಿಯ ಸ್ಲೇಟು) ಕಲ್ಲಿನಿಂದ ಇಳಿದ ಬಾಯಿ ಕೂದಲನ್ನು ಸಲೀಸಾಗಿ ಕತ್ತರಿಸಿಯೂ ಚರ್ಮಕ್ಕೆ ಮೃದುವಾಗಿರುತ್ತದೆ, ಕ್ಷೌರದ ನಂತರ ಉರಿ ಕಡಿಮೆ. ಜೊತೆಗೆ ಒಂದೇ ಕಲ್ಲು ರಾಡಿ ದಪ್ಪಗಿದ್ದಾಗ ಒರಟಾಗಿಯೂ ಬರಿಯ ನೀರಿನಲ್ಲಿ ನಯವಾಗಿಯೂ ಕೆಲಸ ಮಾಡುತ್ತದೆ. ಕ್ಷೌರಕ್ಕಷ್ಟೇ ಬಳಸಿದರೆ ಒಂದು ಕಲ್ಲು ಕೆಲವು ತಲೆಮಾರು ಸವೆಯದೆ ಬರುತ್ತದೆ. ಹಳೆಯ ಕಲ್ಲುಗಳು ಇಂದಿಗೂ ಸಿಗುತ್ತಿರುವುದು ಅದರಿಂದಲೇ.

ಮೊಂಡಾದ ಕತ್ತಿಯನ್ನು ಇದೊಂದೇ ಕಲ್ಲಿನಲ್ಲಿ ಹರಿತ ಮಾಡಬಹುದೇ?

ಬಹುಮಟ್ಟಿಗೆ ಇಲ್ಲ. ಹಳೆಯ ರೇಜರ್ ಕಲ್ಲುಗಳಲ್ಲಿ ಹೆಚ್ಚಿನವು ಕೊನೆಯ ನಯಕ್ಕೆಂದೇ ಇರುವಂಥವು. ಓರೆ ಕೂಡಿಸುವ, ಅಂದರೆ ಎರಡೂ ಪಕ್ಕದ ಓರೆಗಳು ಬಾಯಲ್ಲಿ ಸೇರುವಂತೆ ಮಾಡುವ ಕೆಲಸಕ್ಕೆ 1000 ಗ್ರಿಟ್‌ನ (ಗ್ರಿಟ್ ಎಂದರೆ ಕಣದ ನಯ ಹೇಳುವ ಅಂಕಿ, ಹೆಚ್ಚಿದಷ್ಟೂ ನಯ) ಕೃತಕ ಕಲ್ಲು, ನಡುವೆ 4000ದಿಂದ 8000ದ ಒಂದೆರಡು ಕಲ್ಲು ಇಟ್ಟುಕೊಳ್ಳಿ. ವೇಗವಾಗಿ ಕೊರೆಯುವ ಕೋಟಿಕ್ಯೂಲ್ ಸಿಕ್ಕರೆ ದಪ್ಪ ರಾಡಿಯಲ್ಲಿ ಓರೆಯನ್ನೂ ಕೂಡಿಸಬಹುದು. ಆದರೆ ಕಲಿಯುವವರು ಆ ದಾರಿ ಹಿಡಿದರೆ ತಪ್ಪು ಎಲ್ಲಾಯಿತೆಂದು ತಿಳಿಯದೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಹಳೆಯ ಕಲ್ಲನ್ನು ಕೊಂಡು "ಇದು ಕೆಲಸಕ್ಕೆ ಬಾರದು" ಎಂದು ಮಾರಿಬಿಡುವವರ ಕತ್ತಿ ನೋಡಿದರೆ ಸಾಮಾನ್ಯವಾಗಿ ಓರೆಯೇ ಕೂಡಿರುವುದಿಲ್ಲ. ತಪ್ಪು ಕಲ್ಲಿನದಲ್ಲ.

ಈ ಕಲ್ಲು ಎಷ್ಟು ಗ್ರಿಟ್?

ನೈಸರ್ಗಿಕ ಕಲ್ಲಿಗೆ ಗ್ರಿಟ್ ಸಂಖ್ಯೆ ಇಲ್ಲ. ಕಣಗಳು ಒಂದೇ ಗಾತ್ರದವಲ್ಲ. ಬಾಯಿ ಎಷ್ಟು ನಯವಾಗುತ್ತದೆ ಎಂಬುದು ಕಣದ ಆಕಾರ, ಅದು ಎಷ್ಟು ಬಿಗಿಯಾಗಿ ಕೂತಿದೆ, ಕೈಯ ಭಾರ, ಮೇಲ್ಮೈಯ ಸ್ಥಿತಿ ಎಲ್ಲದರ ಮೇಲೆ ನಿಂತಿದೆ. ಕೋಟಿಕ್ಯೂಲ್‌ನಲ್ಲಿ ಉಕ್ಕನ್ನು ಕೊರೆಯುವ ಗಾರ್ನೆಟ್ ಎಂಬ ಖನಿಜದ ಹರಳುಗಳು 5ರಿಂದ 20 ಮೈಕ್ರಾನ್ ಇರುತ್ತವೆ. ಸಂಖ್ಯೆ ಮಾತ್ರ ನೋಡಿದರೆ ಒರಟು. ಆದರೆ ಅವು ಹಲವು ಮುಖಗಳ, ಹೆಚ್ಚುಕಡಿಮೆ ಗುಂಡಗಿನ ಹರಳುಗಳು. ಉಕ್ಕಿನಲ್ಲಿ ಆಳವಾಗಿ ಇಳಿಯದೆ ಆಳವಿಲ್ಲದ ಗೆರೆ ಎಳೆಯುತ್ತವೆ. "12,000 ಗ್ರಿಟ್‌ಗೆ ಸಮ" ಎಂಬ ಜಾಹೀರಾತನ್ನು ಮಾರುವವರ ಊಹೆ ಎಂದಷ್ಟೇ ತಿಳಿಯಿರಿ.

ಹಳೆಯ ಸಾಮಾನಿನ ಪೇಟೆಯಲ್ಲಿ ಯಾವ ಯಾವ ಕಲ್ಲುಗಳು ಎದುರಾಗುತ್ತವೆ?

ಬೆಲ್ಜಿಯಂನ ಆರ್ಡೆನ್ ಬೆಟ್ಟಸಾಲಿನಲ್ಲಿ, ವಿಯೆಲ್ಸಾಲ್ಮ್ ಸುತ್ತಮುತ್ತ ಸಿಗುವುದು ಕೋಟಿಕ್ಯೂಲ್. ಬಣ್ಣ ಕೆನೆಹಳದಿ, ಕೆಲವೊಮ್ಮೆ ಬೂದು ಅಥವಾ ಗುಲಾಬಿ ಛಾಯೆ. ನೆಲದೊಳಗೆ ಇದು ನೇರಳೆ-ನೀಲಿ ಸ್ಲೇಟಿನ ನಡುವೆ ತೆಳು ಪದರಗಳಾಗಿ ಕೂತಿರುತ್ತದೆ. ಆದ್ದರಿಂದ ಹಳೆಯ ತುಂಡುಗಳ ಕೆಳಗೆ ಸ್ಲೇಟು ಸಹಜವಾಗಿ ಅಂಟಿಕೊಂಡಿರುತ್ತದೆ, ಇಲ್ಲವೇ ಅಂಟು ಹಾಕಿ ಕೂಡಿಸಿರುತ್ತಾರೆ. ಆ ನೇರಳೆ ಕಲ್ಲಿನಲ್ಲೂ ಗಾರ್ನೆಟ್ ಉಂಟು, ಆದರೆ ಕಡಿಮೆ; ಹಾಗಾಗಿ ನಿಧಾನ. ಈ ಕಲ್ಲನ್ನು ಈಗಲೂ ಅಗೆದು ಮಾರುತ್ತಾರೆ ಎಂಬುದನ್ನು ಹಳೆಯದಕ್ಕೆ ದುಬಾರಿ ಬೆಲೆ ಕೊಡುವ ಮುಂಚೆ ನೆನೆಯಿರಿ.

ಜರ್ಮನಿಯ ಥುರಿಂಜಿಯಾ ಪ್ರಾಂತದ ಸೊನ್ನೆಬೆರ್ಗ್ ಸುತ್ತಿನ ಸ್ಲೇಟು ಕಲ್ಲುಗಳೇ ಥುರಿಂಜಿಯನ್. ಅವನ್ನು ಮಾರಿದವರಲ್ಲಿ ಎಲ್ಲರಿಗಿಂತ ಹೆಸರಾದುದು ಎಶರ್ ಸಂಸ್ಥೆ. ಕಡುನೀಲಿ, ನೀಲಿಹಸಿರು, ತಿಳಿಹಸಿರು, ಹಳದಿಹಸಿರು ಎಂದು ಬಣ್ಣದ ಹೆಸರು ಲೇಬಲ್‌ನಲ್ಲೇ ಇರುತ್ತಿತ್ತು. ಹಳದಿಹಸಿರಿಗೆ ಬೆಲೆ ಹೆಚ್ಚು. ಕೆಲಸದಲ್ಲಿನ ವ್ಯತ್ಯಾಸ ಬೆಲೆಯಲ್ಲಿನಷ್ಟು ಇಲ್ಲ. ಲೇಬಲ್ ಕಳಚಿಹೋದ ಕಡುನೀಲಿ ಕಲ್ಲು, ಹಣಕ್ಕೆ ತಕ್ಕ ಕೆಲಸದ ಮಟ್ಟಿಗೆ, ಈ ಇಡೀ ಪೇಟೆಯಲ್ಲಿ ಅತ್ಯುತ್ತಮ ಖರೀದಿ.

ಅಮೆರಿಕದ ಅರ್ಕಾನ್ಸಾ ರಾಜ್ಯದ ವಾಷಿಟಾ ಬೆಟ್ಟಗಳದು ನೊವಾಕ್ಯುಲೈಟ್, ಅಂದರೆ ಅರ್ಕಾನ್ಸಾ ಕಲ್ಲು. ಬಹುತೇಕ ಶುದ್ಧ ಸಿಲಿಕಾ. ಸಡಿಲ ರಚನೆಯದು ವಾಷಿಟಾ ಹೆಸರಿನಿಂದಲೂ ಗಟ್ಟಿಯವು ಹಾರ್ಡ್, ಕಪ್ಪು, ಬೆಳಕು ಹಾಯುವ ಟ್ರಾನ್ಸ್‌ಲೂಸೆಂಟ್ ಎಂಬ ಹೆಸರುಗಳಿಂದಲೂ ಮಾರಾಟವಾದವು. ಪೈಕ್ ಕಂಪನಿಯ ಲೇಬಲ್ ಹೊತ್ತ ಪೆಟ್ಟಿಗೆಗಳು ಆಗಾಗ ಕಾಣುತ್ತವೆ. ಆ ಕಂಪನಿಯನ್ನು 1932ರಲ್ಲಿ ನಾರ್ಟನ್ ಕೊಂಡಿತು. ರೇಜರ್‌ಗೆ ಬೇಕಾದುದು ಕಪ್ಪು ಅಥವಾ ಟ್ರಾನ್ಸ್‌ಲೂಸೆಂಟ್. ವಾಷಿಟಾ ಅಡುಗೆಯ ಚೂರಿಗೆ, ಉಳಿಗೆ ಸೊಗಸು.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನ ಚಾರ್ನ್ಲಿ ಫಾರೆಸ್ಟ್ ಹಸಿರು ಕಲ್ಲು, ನಡುನಡುವೆ ಕೆಂಗಂದು ಗೆರೆ ಅಥವಾ ಚುಕ್ಕೆ. ತುಂಬ ಗಟ್ಟಿ, ತುಂಬ ನಿಧಾನ. ಸ್ಕಾಟ್ಲೆಂಡಿನ ಏರ್‌ಶೈರ್‌ನದು ಟ್ಯಾಮ್ ಓ ಶಾಂಟರ್. ಬೂದು ಮೈಯಲ್ಲಿ ಬಿಳಿ ಹಿಮದ ಚುಕ್ಕೆ ಇದ್ದರೆ ಗುರುತು ಸುಲಭ. ವೇಲ್ಸ್‌ನ ಇಡ್ವಾಲ್ ಕಲ್ಲೂ ಬರುತ್ತಿರುತ್ತದೆ.

ಜಪಾನಿನ ನಯಗಲ್ಲುಗಳು ಕ್ಯೋಟೊ ಬಳಿಯ ನಾಕಾಯಾಮಾ, ಓಝುಕು, ಓಕುಡೊದಂಥ ಗಣಿಗಳವು. ಕಲ್ಲಿನ ಮೇಲಿನ ಗಣಿಯ ಮುದ್ರೆ ಸುಳ್ಳಾಗಿರುವ ಸಾಧ್ಯತೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು.

ಇವುಗಳ ಜೊತೆ ಸಣ್ಣ, ಅಂಗೈ ಅಗಲದ "ಬಾರ್ಬರ್ ಹೋನ್"ಗಳೂ ನೈಸರ್ಗಿಕವೆಂದು ಮಾರಾಟಕ್ಕೆ ಬರುತ್ತವೆ. ಸ್ವಾಟಿ ಎಂಬ ಹೆಸರಿನದೂ ಸೇರಿ ಅವುಗಳಲ್ಲಿ ಬಹುಪಾಲು ಕೃತಕ. ಕಲ್ಲು ಇಡೀ ಒಂದೇ ಬಣ್ಣ, ಒಂದೇ ಮೈ, ಅಚ್ಚೊತ್ತಿದ ಅಕ್ಷರ ಇದ್ದರೆ ನೆಲದಿಂದ ಬಂದದ್ದಲ್ಲ.

ಮೊದಲ ಕಲ್ಲು ಯಾವುದಿರಲಿ?

ಥುರಿಂಜಿಯನ್. ತಪ್ಪನ್ನು ಮನ್ನಿಸುವ ಗುಣ ಅದಕ್ಕೆ ಹೆಚ್ಚು, ವಿಧಾನವೂ ಸರಳ. ಕೋಟಿಕ್ಯೂಲ್‌ನಲ್ಲಿ ತುಂಡಿನಿಂದ ತುಂಡಿಗೆ ವೇಗ ಬದಲಾಗುತ್ತದೆ, ಜಪಾನಿ ಕಲ್ಲಿನಲ್ಲಿ ಆಯ್ಕೆಯೇ ಒಂದು ವಿದ್ಯೆ, ಅರ್ಕಾನ್ಸಾಕ್ಕೆ ತಾಳ್ಮೆ ಬೇಕು.

ಫೋಟೊ ನೋಡಿ ಕೊಳ್ಳುವಾಗ ಏನೇನು ಕೇಳಬೇಕು?

ಆರೂ ಮುಖಗಳ ಫೋಟೊ, ಅದರಲ್ಲೂ ನಾಲ್ಕು ಪಕ್ಕಗಳದು. ಕಲ್ಲಿನ ಜಾತಿ ತಿಳಿಯುವುದು ಪಕ್ಕದಲ್ಲಿ: ಪದರ, ಅಂಟಿನ ಗೆರೆ, ಗರಗಸದ ಗುರುತು ಎಲ್ಲ ಅಲ್ಲೇ. ಒದ್ದೆ ಮಾಡಿದ ಮೇಲ್ಮೈಯದೊಂದು ಫೋಟೊ ಇರಲಿ. ಒಣಗಿದಾಗ ಎಲ್ಲ ಕಲ್ಲೂ ಬೂದು. ಅಳತೆ ಮಿಲಿಮೀಟರ್‌ನಲ್ಲಿ, ತೂಕ ಗ್ರಾಂನಲ್ಲಿ ಕೇಳಿ. ಮೇಲ್ಮೈಗೆ ಅಡ್ಡಲಾಗಿ ಉಕ್ಕಿನ ಅಳತೆಪಟ್ಟಿ ಇಟ್ಟು ಹಿಂದಿನಿಂದ ಬೆಳಕು ಬೀಳುವಂತೆ ತೆಗೆದ ಚಿತ್ರ ಸಿಕ್ಕರೆ ನಡುವೆ ಎಷ್ಟು ಗುಳಿ ಬಿದ್ದಿದೆ ಎಂದು ಗೊತ್ತಾಗುತ್ತದೆ. 1 ಮಿಮೀ ಗುಳಿಯಿದ್ದರೆ ಸಮ ಮಾಡಲು ಅಷ್ಟು ಕಲ್ಲನ್ನೂ ತೇಯಬೇಕು. 4 ಮಿಮೀ ಮಾತ್ರ ಕೋಟಿಕ್ಯೂಲ್ ಉಳಿದ ಜೋಡುಕಲ್ಲಿನಲ್ಲಿ ಅದು ಕಾಲುಭಾಗದ ನಷ್ಟ.

ರಾಡಿಯ ಬಣ್ಣವನ್ನೂ ಕೇಳಿ. ಥುರಿಂಜಿಯನ್ ಮೈ ಎಷ್ಟೇ ಕಡುನೀಲಿಯಿದ್ದರೂ ರಾಡಿ ತಿಳಿಬೂದು ಅಥವಾ ಬಿಳಿ ಕಡೆಗೆ ಇರುತ್ತದೆ. ಕಪ್ಪು ರಾಡಿ ಕೊಡುವ ಕಪ್ಪು ಸ್ಲೇಟು ಬೇರೆ ಯಾವುದೋ. ಕೋಟಿಕ್ಯೂಲ್‌ನದು ಕೆನೆಬಿಳಿ. ಗಟ್ಟಿ ಅರ್ಕಾನ್ಸಾ ರಾಡಿಯನ್ನೇ ಕೊಡುವುದಿಲ್ಲ.

ಲೇಬಲ್ ಇದ್ದರೆ ಅಸಲಿ ಎಂದಲ್ಲವೇ?

ಲೇಬಲ್ ಪೆಟ್ಟಿಗೆಯ ಮೇಲಿದ್ದರೆ ಪೆಟ್ಟಿಗೆ ಅಸಲಿ, ಅಷ್ಟೇ. ಕಲ್ಲಿಗೇ ಅಂಟಿದ, ಅಂಚು ಹಳದಿಯಾಗಿ ಸವೆದ ಕಾಗದಕ್ಕೆ ಬೆಲೆಯಿದೆ. ಅದನ್ನು ಉಳಿಸಬೇಕೆಂದರೆ ಒಣಗಿದ ಮೇಲೆ ಎರಡು ತೆಳು ಕೋಟು ಬಣ್ಣವಿಲ್ಲದ ಲ್ಯಾಕರ್ ಹಚ್ಚಿ. ನೀರು ತಾಗಿದರೆ ಒಂದೇ ದಿನದಲ್ಲಿ ಕಿತ್ತುಬರುತ್ತದೆ. ಸಂಗ್ರಹಕ್ಕಲ್ಲ, ಕ್ಷೌರಕ್ಕೆ ಎಂದಾದರೆ ಲೇಬಲ್‌ಗೆ ಹಣ ಸುರಿಯಬೇಡಿ.

ಅರ್ಕಾನ್ಸಾ ಕಲ್ಲು ಗಟ್ಟಿಯೋ ಸಡಿಲವೋ ಎಂದು ದೂರದಿಂದಲೇ ತಿಳಿಯುವುದು ಹೇಗೆ?

ತೂಕ ಮತ್ತು ಗಾತ್ರದಿಂದ. ಈ ಕಲ್ಲಿನ ಸಿಲಿಕಾ ಎಂದರೆ ಕ್ವಾರ್ಟ್ಜ್; ಶುದ್ಧ ಕ್ವಾರ್ಟ್ಜ್‌ನ ಸಾಂದ್ರತೆ ಘನ ಸೆಂಮೀಗೆ 2.65 ಗ್ರಾಂ. ಕಲ್ಲಿನೊಳಗೆ ಸೂಕ್ಷ್ಮ ರಂಧ್ರ ಹೆಚ್ಚಿದಷ್ಟೂ ಸಂಖ್ಯೆ ಇಳಿಯುತ್ತದೆ. 15 ಸೆಂಮೀ ಉದ್ದ, 5 ಸೆಂಮೀ ಅಗಲ, 2 ಸೆಂಮೀ ದಪ್ಪದ ಕಲ್ಲಿನ ಗಾತ್ರ 150 ಘನ ಸೆಂಮೀ. ಅದು 380ರಿಂದ 395 ಗ್ರಾಂ ತೂಗಿದರೆ ಸಾಂದ್ರತೆ 2.5 ದಾಟಿತು, ನಯದ ಕೆಲಸಕ್ಕೆ ಆಗುವ ಗಟ್ಟಿ ಕಲ್ಲು. 330 ಗ್ರಾಂ ಆಸುಪಾಸು ಬಂದರೆ ಅದು ಸಡಿಲ ಕಲ್ಲು, ಹೆಸರು ಏನೇ ಇರಲಿ. ಎಣ್ಣೆ ಕುಡಿದ ಕಲ್ಲು ಇದ್ದುದಕ್ಕಿಂತ ಭಾರವಾಗಿ ತೂಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ಅಳತೆಯಲ್ಲಿ 1 ಮಿಮೀ ತಪ್ಪಿದರೂ ಉತ್ತರ ಕೆಡುತ್ತದೆ.

ಬಿರುಕು ಇದ್ದರೆ ಬಿಟ್ಟುಬಿಡಬೇಕೇ?

ಗೆರೆಯೋ ಬಿರುಕೋ ಎಂದು ಮೊದಲು ನೋಡಿ. ಕಲ್ಲನ್ನು ಒದ್ದೆ ಮಾಡಿ ಒಣಗಲು ಬಿಡಿ. ಸುತ್ತಲೂ ಒಣಗಿದ ಮೇಲೂ ಒಂದು ಸಾಲು ತೇವವಾಗಿ ಉಳಿದರೆ ಅದು ಬಿರುಕು. ಆಮೇಲೆ ಉಗುರನ್ನು ಅಡ್ಡ ಎಳೆಯಿರಿ. ಉಗುರಿಗೆ ಸಿಗದ ಬಿರುಕು ಕೆಲಸಕ್ಕೆ ಅಡ್ಡಿಯಲ್ಲ. ಸಿಕ್ಕರೆ ಕತ್ತಿಯ ಬಾಯಿಗೂ ಸಿಗುತ್ತದೆ. ಮೂಲೆ ಮುರಿದದ್ದು, ತುದಿ ಹಾರಿದ್ದು ಬೆಲೆ ಇಳಿಸಲು ಒಳ್ಳೆಯ ಕಾರಣವೇ ಹೊರತು ಬಿಡಲು ಕಾರಣವಲ್ಲ.

ಎಷ್ಟು ದೊಡ್ಡ ಕಲ್ಲು ಬೇಕು?

ಉದ್ದ 125 ಮಿಮೀ, ಅಗಲ 40 ಮಿಮೀ ಸಾಕು. ಹಳೆಯ ಕಲ್ಲುಗಳಲ್ಲಿ ಹೆಚ್ಚಿನವು ಕಿರಿದಾಗಿಯೇ ಇವೆ. ಅಲಗು ಸ್ವಲ್ಪ ಡೊಂಕಿದ್ದರೆ ಅಗಲ ಕಲ್ಲಿಗಿಂತ ಕಿರಿದು ಕಲ್ಲೇ ಬಾಯಿಯನ್ನು ಪೂರ್ತಿ ಮುಟ್ಟುತ್ತದೆ.

ಎಣ್ಣೆ ಹಿಡಿದು ಕಪ್ಪಾದ ಕಲ್ಲನ್ನು ತೊಳೆಯುವುದು ಹೇಗೆ?

ಕುದಿಸಬೇಡಿ, ಒಲೆಯ ಮೇಲಿಡಬೇಡಿ. ಬಿಸಿಗೆ ಅಂಟು ಬಿಡುತ್ತದೆ, ಪದರಗಲ್ಲು ಸೀಳುತ್ತದೆ. ಪಾತ್ರೆ ತೊಳೆಯುವ ದ್ರವಕ್ಕೆ ಉಗುರುಬೆಚ್ಚಗಿನ ನೀರು ಸೇರಿಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಮೂರು ನಾಲ್ಕು ಸಲ ಬೇಕಾಗಬಹುದು. ಅರ್ಕಾನ್ಸಾ, ಚಾರ್ನ್ಲಿಯಂಥ ಒಂದೇ ಮೈಯ ಗಟ್ಟಿ ಕಲ್ಲನ್ನು ಒಂದೆರಡು ದಿನ ಮಿನರಲ್ ಸ್ಪಿರಿಟ್‌ನಲ್ಲಿ (ಬಣ್ಣ ತೆಳುವಾಗಿಸಲು ಬಳಸುವ ಪೆಟ್ರೋಲಿಯಂ ದ್ರವ) ಮುಳುಗಿಸಿಡಬಹುದು: ಮುಚ್ಚಳವಿರುವ ಡಬ್ಬಿ, ಗಾಳಿಯಾಡುವ ಜಾಗ, ಹತ್ತಿರ ಬೆಂಕಿ ಇರಕೂಡದು. ಸ್ಲೇಟು ಕಲ್ಲು, ಜಪಾನಿ ಕಲ್ಲು, ಅಂಟಿಸಿದ ಜೋಡುಕಲ್ಲುಗಳಿಗೆ ಈ ಸ್ನಾನ ಬೇಡ. ಅವುಗಳಲ್ಲಿ ಕೊಳೆ ಮೇಲ್ಪದರದಲ್ಲೇ ಇರುತ್ತದೆ, ಮಟ್ಟ ಮಾಡುವಾಗ ಹೋಗುತ್ತದೆ. ವಿನೆಗರ್, ನಿಂಬೆರಸದಂಥ ಹುಳಿಯಲ್ಲಿ ಯಾವ ಕಲ್ಲನ್ನೂ ನೆನೆಹಾಕಬೇಡಿ.

ಕಲ್ಲು ಮರದ ಪೆಟ್ಟಿಗೆಗೆ ಅಂಟಿಕೊಂಡಿದ್ದರೆ ಚೂರಿ ತೂರಿಸಿ ಮೀಟಬೇಡಿ. ಹಿಡಿದಿರುವುದು ಬಹುಮಟ್ಟಿಗೆ ಒಣಗಿ ಗಟ್ಟಿಯಾದ ಎಣ್ಣೆ. ಸಂದಿಗೆ ಮಿನರಲ್ ಸ್ಪಿರಿಟ್ ಹನಿಸಿ, ರಾತ್ರಿ ಬಿಟ್ಟು, ಮಡಚಿದ ಬಟ್ಟೆಯ ಮೇಲೆ ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿ.

ಮಟ್ಟ ಮಾಡುವ ಕ್ರಮವೇನು?

ಗೀಚಿಲ್ಲದ ದಪ್ಪ ಗಾಜು ಅಥವಾ ಗ್ರಾನೈಟ್ ಹಲಗೆಯ ಮೇಲೆ ನೀರು ಚಿಮುಕಿಸಿ ಸಿಲಿಕಾನ್ ಕಾರ್ಬೈಡ್‌ನ ನೀರುಕಾಗದ (ಒದ್ದೆಯಲ್ಲಿ ಬಳಸುವ ಸ್ಯಾಂಡ್‌ಪೇಪರ್) ಹಾಸಿ. ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ 1 ಸೆಂಮೀ ಚೌಕಗಳನ್ನು ಎಳೆಯಿರಿ. 220ರಿಂದ ಶುರು ಮಾಡಿ, ಎಂಟಂಕಿಯಾಕಾರದಲ್ಲಿ, ಇಪ್ಪತ್ತು ಸುತ್ತಿಗೊಮ್ಮೆ ಕಲ್ಲಿನ ಹಿಂದಿನ ತುದಿ ಮುಂದೆ ಬರುವಂತೆ ತಿರುಗಿಸಿ ತೇಯಿರಿ. ತಿರುಗಿಸದಿದ್ದರೆ ಕೈಭಾರ ಬಿದ್ದ ಕಡೆ ಸವೆದು ಕಲ್ಲು ಇಳಿಜಾರಾಗುತ್ತದೆ. ಪೆನ್ಸಿಲ್ ಪೂರ್ತಿ ಅಳಿಸಿದ ಮೇಲೆ ಮತ್ತೆ ಗೆರೆ ಎಳೆದು 400, 600, 1000 ಎಂದು ಮುಂದೆ ಹೋಗಿ. ಪ್ರತಿ ಹಂತದ ನಡುವೆ ಕಲ್ಲು, ಗಾಜು, ಕೈ ಮೂರನ್ನೂ ತೊಳೆಯಬೇಕು. 220ರ ಒಂದೇ ಕಣ ಉಳಿದರೂ ಮುಂದಿನ ಕೆಲಸವೆಲ್ಲ ವ್ಯರ್ಥ. ಕೊನೆಗೆ ನಾಲ್ಕೂ ಅಂಚುಗಳನ್ನು 45 ಡಿಗ್ರಿಯಲ್ಲಿ 2 ಮಿಮೀ ಇಳಿಸಿ ಗುಂಡಗೆ ಮಾಡಿ. ಇದನ್ನು ಬಿಟ್ಟವರ ಕತ್ತಿಯ ಬಾಯಲ್ಲಿ ಸಣ್ಣ ಹಲ್ಲು ಏಳುವುದು ಖಚಿತ.

ಅರ್ಕಾನ್ಸಾಕ್ಕೆ ಕಾಗದ ಸಾಲದು, ಡೈಮಂಡ್ ಪ್ಲೇಟನ್ನು (ವಜ್ರದ ಕಣ ಕೂರಿಸಿದ ಲೋಹದ ಹಲಗೆ) ಅದು ಹಾಳು ಮಾಡುತ್ತದೆ. ಗಾಜಿನ ಮೇಲೆ ಸಡಿಲ ಸಿಲಿಕಾನ್ ಕಾರ್ಬೈಡ್ ಪುಡಿ, ಒಂದು ಚಮಚ ನೀರು. 90, 220, 400, 600 ಎಂದು ಏರಿಸಿ. ಗಂಟೆಗಳ ಕೆಲಸ, ಗಾಜೂ ಸವೆಯುತ್ತದೆ.

ಎಚ್ಚರಿಕೆ: ಈ ಕಲ್ಲುಗಳನ್ನು ಒಣಗಿದ್ದಾಗ ತೇಯಬೇಡಿ, ಯಂತ್ರದಲ್ಲಂತೂ ಬೇಡವೇ ಬೇಡ. ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗದ ಕಾಯಿಲೆ. ಸದಾ ಒದ್ದೆಯಲ್ಲೇ ಕೆಲಸ ಮಾಡಿ. ಚೆಲ್ಲಿದ ರಾಡಿಯನ್ನು ಒಣಗುವ ಮುಂಚೆ ಒರೆಸಿ.

ಎಣ್ಣೆಯೋ ನೀರೋ?

ಕೋಟಿಕ್ಯೂಲ್, ಥುರಿಂಜಿಯನ್, ಜಪಾನಿ ಕಲ್ಲಿಗೆ ನೀರು. ಮೇಲೆ ಚಿಮುಕಿಸಿದರೆ ಸಾಕು, ನೆನೆಹಾಕಬಾರದು. ಅರ್ಕಾನ್ಸಾ, ಚಾರ್ನ್ಲಿಗೆ ತೆಳು ಮಿನರಲ್ ಎಣ್ಣೆ ಅಥವಾ ಸಾಬೂನಿನ ನೀರು. ಅಡುಗೆ ಎಣ್ಣೆ ಗಾಳಿಗೆ ಅಂಟಾಗಿ ಕಲ್ಲಿನ ಮೈ ಮುಚ್ಚುತ್ತದೆ, ಆದ್ದರಿಂದ ಬೇಡ.

ಕತ್ತಿ ಈ ಕಲ್ಲಿಗೆ ಸಿದ್ಧವಾಗಿದೆ ಎಂದು ಹೇಗೆ ತಿಳಿಯಲಿ?

1000ದ ಕಲ್ಲಿನಿಂದ ಇಳಿದ ಕತ್ತಿ ಮುಂಗೈ ಕೂದಲನ್ನು ಚರ್ಮದ ಮಟ್ಟದಲ್ಲಿ, ಬುಡದಿಂದ ತುದಿಯವರೆಗೆ ಎಲ್ಲ ಕಡೆಯೂ ಕತ್ತರಿಸಬೇಕು. ಬಾಯನ್ನು ಮೇಲೆ ಮಾಡಿ ದೀಪದ ಕೆಳಗೆ ಹಿಡಿದು 10ರಿಂದ 30 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಬಾಯಿಯ ಗೆರೆ ಎಲ್ಲೂ ಮಿಂಚಬಾರದು. ಮಿಂಚಿದ ಜಾಗ ಇನ್ನೂ ಮೊಂಡು, ಅಲ್ಲಿ ಎರಡು ಓರೆಗಳು ಕೂಡಿಲ್ಲ.

ಕೋಟಿಕ್ಯೂಲ್ ಮೇಲೆ ಹೇಗೆ ಮಸೆಯುವುದು?

ಇದರ ಗುಟ್ಟು ರಾಡಿಯನ್ನು ತೆಳುವಾಗಿಸುವುದರಲ್ಲಿದೆ. ಕಲ್ಲಿನ ಮೇಲೆ ಕಾಲು ಚಮಚ ನೀರು ಹಾಕಿ ಅದೇ ಜಾತಿಯ ಸಣ್ಣ ತುಂಡಿನಿಂದ ತೇಯ್ದು ಹಾಲಿನಷ್ಟು ದಪ್ಪದ ರಾಡಿ ಮಾಡಿ. ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಲಿ; ಬೆನ್ನು ಎಂದೂ ಮೇಲೇಳಬಾರದು, ಕೋನವನ್ನು ಕಾಯುವುದು ಅದೇ. ಮೊದಲು ಹಿಂದೆ ಮುಂದೆ ಸಣ್ಣ ಓಟಗಳು, ಒಂದೊಂದು ಪಕ್ಕಕ್ಕೆ ಮೂವತ್ತು. ಬೆರಳಿನಿಂದ ಒಂದೆರಡು ಹನಿ ನೀರು ಸೇರಿಸಿ, ಮತ್ತೆ ಇಪ್ಪತ್ತು. ಹೀಗೆ ಏಳೆಂಟು ಸಲ. ನೀರು ಬಹುತೇಕ ತಿಳಿಯಾದಾಗ ಬಾಯಿ ಮುಂದೆ ಹೋಗುವಂತೆ, ಬುಡದಿಂದ ತುದಿಗೆ ಓರೆಯಾಗಿ ಎಳೆಯುವ ಪೂರ್ತಿ ಓಟಕ್ಕೆ ಬನ್ನಿ. ಕೊನೆಗೆ ಕಲ್ಲು ತೊಳೆದು ಬರಿಯ ನೀರಿನಲ್ಲಿ, ಕತ್ತಿಯ ತೂಕವಷ್ಟೇ ಬೀಳುವಂತೆ ಐವತ್ತು ಓಟ.

ಗಾರ್ನೆಟ್ ರಾಡಿಯಲ್ಲಿ ತೇಲುವಾಗ ಓರೆಯನ್ನು ಬೇಗ ಕೊರೆಯುತ್ತದೆ. ಅದೇ ಹೊತ್ತಿಗೆ ರಾಡಿಗೆ ಎದುರಾಗುವ ಬಾಯಿಯ ತುತ್ತತುದಿ ಕೊಂಚ ಮೊಂಡಾಗುತ್ತದೆ. ಅದಕ್ಕೇ ತೆಳುವಾಗಿಸಬೇಕು. ಒಮ್ಮೆಗೇ ನೀರು ಸುರಿದು ತಿಳಿ ಮಾಡಿದರೆ ಆ ಮೊಂಡುತನ ತೆಗೆಯುವ ಕೆಲಸವೆಲ್ಲ ಬರಿಯ ನೀರಿನ ಪಾಲಿಗೆ ಬೀಳುತ್ತದೆ, ಅದು ತೀರಾ ನಿಧಾನ.

ಥುರಿಂಜಿಯನ್‌ಗೂ ಇದೇ ಕ್ರಮವೇ?

ಇನ್ನೂ ಸುಲಭ. 8000ದ ಕಲ್ಲಿನ ನಂತರ ತೆಳು ರಾಡಿಯಲ್ಲಿ ನಲವತ್ತು ಓಟ, ಎರಡು ಸಲ ನೀರು, ಕೊನೆಗೆ ತಿಳಿನೀರಿನಲ್ಲಿ ಐವತ್ತು. ಕತ್ತಿ ಕಲ್ಲನ್ನು ಹೀರಿದಂತೆ ಹಿಡಿಯತೊಡಗಿದರೆ ನಿಲ್ಲಿಸಿ.

ಅರ್ಕಾನ್ಸಾ ಮೇಲೆ ಏನೂ ಆಗುತ್ತಿಲ್ಲವಲ್ಲ?

ಆಗುತ್ತಿರುತ್ತದೆ, ನಿಧಾನವಾಗಿ. 100ರಿಂದ 300 ಓಟ ಬೇಕು. ಹೊಸದಾಗಿ ಮಟ್ಟ ಮಾಡಿದ ಮೇಲ್ಮೈ ಒರಟಾಗಿರುತ್ತದೆ. ಅಗಲವಾದ ಉಳಿಯ ಚಪ್ಪಟೆ ಬೆನ್ನನ್ನು ಅದರ ಮೇಲೆ ಅರ್ಧ ಗಂಟೆ ಎಣ್ಣೆಯಲ್ಲಿ ಉಜ್ಜಿ ಕಲ್ಲನ್ನು ಪಳಗಿಸಿ. ಒಂದು ಮುಖವನ್ನು 400ರಲ್ಲಿ ಬಿಟ್ಟು ಇನ್ನೊಂದನ್ನು ಪಳಗಿಸಿದರೆ ಒಂದೇ ಕಲ್ಲು ಎರಡಾಗುತ್ತದೆ.

ಜಪಾನಿ ಕಲ್ಲಿನ ಜೊತೆ ಬರುವ ಸಣ್ಣ ತುಂಡುಗಳು ಏತಕ್ಕೆ?

ಅವು ನಾಗುರಾ, ರಾಡಿ ಎಬ್ಬಿಸಲು. ಮಿಕಾವಾ ನಾಗುರಾದಲ್ಲಿ ಒರಟಿನಿಂದ ನಯದ ಕಡೆಗೆ ಬೊತಾನ್, ತೆಂಜೊ, ಮೆಜಿರೊ, ಕೋಮಾ ಎಂಬ ಸಾಲಿದೆ; ಕೊನೆಯದಾಗಿ ಅದೇ ಕಲ್ಲಿನ ಜಾತಿಯ ತುಂಡು, ತೊಮೊ ನಾಗುರಾ. ಪ್ರತಿ ಹಂತದಲ್ಲೂ ಹಿಂದಿನ ರಾಡಿ ತೊಳೆದು ಹೊಸದು ಮಾಡಿ. ತೊಮೊ ತುಂಡು ತಳದ ಕಲ್ಲಿಗಿಂತ ಒರಟಾಗಿದ್ದರೆ ಎಷ್ಟು ಒಳ್ಳೆಯ ಕಲ್ಲಿನ ಗುಣವೂ ಕೆಡುತ್ತದೆ. ಬದಲಿಗೆ ಡೈಮಂಡ್ ಪ್ಲೇಟಿನಿಂದ ರಾಡಿ ಎಬ್ಬಿಸುವುದಾದರೆ ಹೊಸ ಪ್ಲೇಟನ್ನು ಮೊದಲು ಬೇರೆ ಕಲ್ಲಿನ ಮೇಲೆ ಪಳಗಿಸಿ. ಕಳಚುವ ವಜ್ರದ ಕಣ ಕಲ್ಲಿನಲ್ಲಿ ಹೂತುಕೊಂಡರೆ ಕತ್ತಿಗೆ ಗೀಚು ಬೀಳುತ್ತಲೇ ಇರುತ್ತದೆ. ಪಕ್ಕ ಮತ್ತು ತಳಕ್ಕೆ ಲ್ಯಾಕರ್ ಬಳಿಯುವುದೂ ಈ ಕಲ್ಲುಗಳಿಗೆ ಅಗತ್ಯ, ಇಲ್ಲವಾದರೆ ಪದರದೊಳಗೆ ನೀರು ಇಳಿದು ಸೀಳುತ್ತವೆ.

ಎಲ್ಲ ಮಾಡಿದರೂ ಕತ್ತಿ ಎಳೆಯುತ್ತದೆ, ಉರಿಯುತ್ತದೆ. ಏಕೆ?

ಬುಡ ಅಥವಾ ತುದಿ ಮಾತ್ರ ಎಳೆದರೆ ಆ ಭಾಗ ಕಲ್ಲಿಗೆ ತಾಗಿಲ್ಲ. ಓರೆಗೆ ಮಾರ್ಕರ್ ಶಾಯಿ ಬಳಿದು ಐದು ಓಟ ಮಾಡಿ, ಶಾಯಿ ಉಳಿದ ಜಾಗ ನೋಡಿ. ಉದ್ದಕ್ಕೂ ಎಳೆದರೆ 1000ದ ಕಲ್ಲಿಗೆ ವಾಪಸ್ಸು. ನಯಗಲ್ಲಿನ ಮೇಲೆ ಇನ್ನೂರು ಓಟ ಹೆಚ್ಚಿಸಿದರೆ ಬರುವುದಿಲ್ಲ. ಕತ್ತರಿಸುತ್ತದೆ ಆದರೆ ಉರಿಯುತ್ತದೆ ಎಂದರೆ ಕೈಭಾರ ಹೆಚ್ಚಾಗಿ ಬಾಯಿಯಲ್ಲಿ ತೆಳು ಉಕ್ಕಿನ ಹಾಳೆ ಎದ್ದಿದೆ. ಬಾಯನ್ನು ಗಾಜಿನ ಅಂಚಿನ ಮೇಲೆ ತೂಕವಿಲ್ಲದೆ ಒಮ್ಮೆ ಎಳೆದು ಆ ಹಾಳೆ ಕೆಡವಿ, ತೆಳು ರಾಡಿಯಿಂದ ಮತ್ತೆ ಶುರು ಮಾಡಿ. ಬಾಯಲ್ಲಿ ಸಣ್ಣ ಹಲ್ಲುಗಳು ಕಂಡರೆ ಕಲ್ಲಿನ ಅಂಚು, ಬಿರುಕು, ಹೂತ ಒರಟು ಕಣ ಈ ಮೂರನ್ನೂ ಪರೀಕ್ಷಿಸಿ.

ಬೆನ್ನಿಗೆ ಟೇಪ್ ಅಂಟಿಸಬೇಕೇ?

ಬೆನ್ನಿನ ಮೇಲೆ ಕೆತ್ತನೆ ಅಥವಾ ಚಿನ್ನದ ಲೇಪವಿದ್ದರೆ ಅಂಟಿಸಿ. ಒಂದು ಪದರ ವಿದ್ಯುತ್ ಟೇಪ್ ಕೋನವನ್ನು ಸುಮಾರು 1 ಡಿಗ್ರಿ ಹೆಚ್ಚಿಸುತ್ತದೆ. ಶುರುವಿನಿಂದ ಕೊನೆಯವರೆಗೂ ಇರಬೇಕು, ಸವೆದಂತೆ ಬದಲಿಸಬೇಕು. ರಾಡಿಯಲ್ಲಿ ಟೇಪಿನ ಅಂಟು ಬೆರೆತರೆ ಕಲ್ಲು ತೊಳೆಯಿರಿ.

ಕಲ್ಲಿನ ನಂತರ ತೊಗಲಪಟ್ಟಿ ಎಷ್ಟು?

ಬಟ್ಟೆಯ ಪಟ್ಟಿಯ ಮೇಲೆ ಮೂವತ್ತು, ತೊಗಲಿನ ಮೇಲೆ ಅರವತ್ತು, ಬೆನ್ನು ಮುಂದಾಗಿ. ಕ್ರೋಮಿಯಂ ಆಕ್ಸೈಡ್ ಬಳಿದ ಪಟ್ಟಿ ಬಳಸಿದರೆ ನಿಮ್ಮ ಮುಖಕ್ಕೆ ತಾಗುವುದು ಆ ಪುಡಿಯ ಹದ. ಕಲ್ಲಿನ ಗುಣ ಅರಿಯಬೇಕಾದರೆ ಮೊದಲ ಕೆಲವು ಕ್ಷೌರಗಳಲ್ಲಿ ಅದನ್ನು ದೂರ ಇಡಿ. ಮುಂದೆ ತೊಗಲಿನಿಂದ ಹರಿತ ಮರಳದೇ ಹೋದಾಗ ತಿಳಿನೀರಿನ ನಯಗಲ್ಲಿನ ಮೇಲೆ ಇಪ್ಪತ್ತು ಓಟ ಸಾಕು, ಓರೆಯಿಂದ ಶುರು ಮಾಡಬೇಕಿಲ್ಲ.

ಕಲ್ಲನ್ನು ಇಡುವುದು ಹೇಗೆ?

ತೊಳೆದು, ಒರೆಸಿ, ಪಕ್ಕದ ಮೇಲೆ ನಿಲ್ಲಿಸಿ ನೆರಳಲ್ಲಿ ಒಣಗಿಸಿ. ತೇವ ಇರುವಾಗಲೇ ಪೆಟ್ಟಿಗೆಗೆ ಹಾಕಿದರೆ ಮರ ಉಬ್ಬಿ ಕಲ್ಲನ್ನು ಹಿಂಡುತ್ತದೆ. ಹಳೆಯ ಪೆಟ್ಟಿಗೆಯ ತಳದಲ್ಲಿ ಬೇರೆ ಕಲ್ಲಿನ ಒರಟು ಪುಡಿ ಇರಬಹುದು, ಬಳಸುವ ಮುಂಚೆ ಅದನ್ನೂ ತೊಳೆದು ಒಣಗಿಸಿ. ನೀರುಕಲ್ಲು ಮತ್ತು ಎಣ್ಣೆಕಲ್ಲು ಬೇರೆ ಬೇರೆ ಇರಲಿ, ಒರೆಸುವ ಬಟ್ಟೆಯೂ.